ಮುಳುಗಿದ ಟಗ್ ಮೇಲೆ ಬಂದರೂ ಗುಜರಿಗೇ ಹೋಗುವುದು ಯಾಕೆ?

ಬಂದರಿನಲ್ಲಿ ಹಳೇ ಹಡಗು ಮುಳುಗಿದ ಸುದ್ದಿ ಬಂದಾಗಲೆಲ್ಲ ಮೈಸೂರು ಕಡೆಯವರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. 'ಅಷ್ಟು ಹಳೇದು ಅಂತೀರಿ, ಎತ್ತಿ ಮ್ಯೂಸಿಯಂ ಮಾಡಬಾರದಾ?' ನಮ್ಮೂರಿನವರು ಹೀಗೆ ಕೇಳುವುದರಲ್ಲಿ ಆಶ್ಚರ್ಯ ಏನಿಲ್ಲ. ಕೆಆರ್‌ಎಸ್ ರಸ್ತೆಯಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ. ಉಗಿ ಎಂಜಿನ್‌ಗಳು, ಮಹಾರಾಣಿಯವರ ಸಲೂನ್ ಬೋಗಿ ಎಲ್ಲ ಅಲ್ಲಿ ನಿಂತಿವೆ. ಬಣ್ಣ ಬಳಿದು, ಮಳೆ ನೀರು ಒಳಗೆ ನಿಲ್ಲದ ಹಾಗೆ ನೋಡಿಕೊಂಡರೆ ರೈಲು ಎಂಜಿನ್ ಇನ್ನೊಂದು ತಲೆಮಾರು ಆರಾಮಾಗಿ ನೋಡುತ್ತದೆ. ರೈಲು ಉಳಿಸಿದವರಿಗೆ ಟಗ್, ಅಂದರೆ ಬಂದರಿನಲ್ಲಿ ದೊಡ್ಡ ಹಡಗನ್ನು ಎಳೆಯುವ ಸಣ್ಣ ಹಡಗು, ಉಳಿಸುವುದು ಕಷ್ಟವಾ ಅನ್ನಿಸುವುದು ಸಹಜ.

ಕಷ್ಟವೇ. ಅದರಲ್ಲೂ ಮುಳುಗಿದ ಮೇಲೆ ಉಳಿಸುವ ಮಾತು ಎತ್ತಿದರೆ ಹೆಚ್ಚೂಕಮ್ಮಿ ಕೈ ಮೀರಿದ ಹಾಗೆ. ಯಾರೋ ಒಬ್ಬ ಅಧಿಕಾರಿಗೆ ಇತಿಹಾಸದ ಬಗ್ಗೆ ಕಾಳಜಿ ಇಲ್ಲ ಅಂತ ಬೈದು ಮುಗಿಸುವ ವಿಷಯ ಇದಲ್ಲ. ಹಡಗು ತಳ ಸೇರಿದ ಕ್ಷಣದಿಂದ ಅದಕ್ಕೆ ಅನ್ವಯಿಸುವ ಕಾನೂನು, ಅದರ ಖರ್ಚಿನ ಲೆಕ್ಕ, ಅದರ ಕಬ್ಬಿಣದ ಗುಣ, ಎಲ್ಲವೂ ಅದನ್ನು ಗುಜರಿಯ ಕಡೆಗೇ ತಳ್ಳುತ್ತವೆ. ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಬಂದರಿನ ಹಡಗು ಅಂದರೆ ಏನು? ದೊಡ್ಡ ಸರಕು ಹಡಗು ತನ್ನಷ್ಟಕ್ಕೆ ತಾನೇ ಬಂದು ಜೆಟ್ಟಿಗೆ ಒರಗುವುದಿಲ್ಲ. ಟಗ್‌ಗಳು ಅದನ್ನು ಎಳೆದು, ನೂಕಿ ಒಳಗೆ ತರುತ್ತವೆ. ದಾರಿ ತೋರಿಸುವ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ ಹಡಗು ಹತ್ತುತ್ತಾರೆ. ಡ್ರೆಜರ್‌ಗಳು ಹೂಳೆತ್ತುತ್ತವೆ. ಕೊಡಗು, ಹಾಸನದ ಕಾಫಿ ಮಂಗಳೂರಿನಿಂದ ಹೊರದೇಶಕ್ಕೆ ಹೊರಡಬೇಕಾದರೂ ಇವು ಕೆಲಸ ಮಾಡಿರಲೇಬೇಕು. ಹೆಸರು, ಫೋಟೊ ಎಲ್ಲ ದೊಡ್ಡ ಹಡಗಿಗೆ. ಇವು ಮೂವತ್ತು ನಲವತ್ತು ವರ್ಷ ದುಡಿದು, ಒಂದು ದಿನ ಬಂದರಿನ ಮೂಲೆಯಲ್ಲಿ ಹಗ್ಗ ಕಟ್ಟಿಸಿಕೊಂಡು ಸುಮ್ನೆ ನಿಲ್ಲುತ್ತವೆ.

ಅಲ್ಲಿಂದಲೇ ಮುಳುಗುವ ಕಥೆ ಶುರು. ಬಿರುಗಾಳಿ, ಡಿಕ್ಕಿ ಏನೂ ಬೇಕಿಲ್ಲ. ಪ್ರೊಪೆಲರ್ ತಿರುಗಿಸುವ ಶಾಫ್ಟ್ ಹಡಗಿನ ಹಿಂಭಾಗದಲ್ಲಿ ಒಂದು ತೂತಿನ ಮೂಲಕ ನೀರಿಗೆ ಇಳಿಯುತ್ತದೆ. ಆ ತೂತಿನಿಂದ ನೀರು ನುಗ್ಗದ ಹಾಗೆ ತಡೆಯುವುದು ಗ್ಲ್ಯಾಂಡ್. ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಪಂಪ್‌ಸೆಟ್‌ಗೆ ಗ್ರೀಸ್ ಹಚ್ಚಿದ ಗ್ಲ್ಯಾಂಡ್ ರೋಪ್ ಸುತ್ತಿ ನಟ್ ಬಿಗಿ ಮಾಡುತ್ತಾರಲ್ಲ, ಅದೇ ಕೆಲಸ. ಜಾಸ್ತಿ ಬಿಗಿ ಮಾಡಿದರೆ ರೋಪ್ ಸುಡುತ್ತದೆ. ಅದಕ್ಕೇ ಹನಿ ಹನಿ ತೊಟ್ಟಿಕ್ಕಲು ಬಿಟ್ಟಿರುತ್ತಾರೆ. ಹಳೇ ಹಡಗಿನಲ್ಲೂ ಅಷ್ಟೇ, ಸ್ವಲ್ಪ ನೀರು ಒಳಗೆ ಬರುತ್ತಲೇ ಇರುತ್ತದೆ. ಅದನ್ನು ಹೊರಗೆ ಹಾಕಲು ತಳದಲ್ಲಿ ಒಂದು ಪಂಪು. ಪಂಪಿಗೆ ದಡದಿಂದ ಕರೆಂಟು. ಹಡಗು ಕೆಲಸ ಬಿಟ್ಟ ಮೇಲೆ ಕರೆಂಟಿನ ಬಿಲ್ ಕಟ್ಟುವವರು ಯಾರು ಅನ್ನುವ ಜಗಳ ಏಳುತ್ತದೆ. ಲೈನ್ ಕಟ್ ಆಗುತ್ತದೆ. ರೋಪ್ ಸವೆದು ಹನಿ ಧಾರೆಯಾಗುತ್ತದೆ. ಎಂಜಿನ್ ತಂಪು ಮಾಡಲು ಸಮುದ್ರದ ನೀರು ಎಳೆಯುವ ಪೈಪು, ವಾಲ್ವುಗಳು ಬೇರೆ ತುಕ್ಕು ಹಿಡಿದು ಕೂತಿರುತ್ತವೆ. ನೀರು ಮತ್ತು ಗಾಳಿ ಸೇರುವ ಗೆರೆಯಲ್ಲಿ ಹೊರಗಿನ ತಗಡು ಎಲ್ಲಕ್ಕಿಂತ ಬೇಗ ತಿಂದುಹೋಗುತ್ತದೆ. ಒಂದು ಜೋರು ಮಳೆಗಾಲಕ್ಕೆ ಡೆಕ್ಕಿನ ನೀರು ಹರಿಯುವ ಕಂಡಿಗಳು ಕಸ ಕಟ್ಟಿಕೊಂಡರೆ ಮುಗಿಯಿತು. ಹಡಗು ಒಂದು ಕಡೆಗೆ ವಾಲುತ್ತದೆ, ಅಷ್ಟು ದಿನ ನೀರಿನ ಮೇಲಿದ್ದ ಯಾವುದೋ ಕಿಂಡಿ ನೀರಿಗೆ ತಾಗುತ್ತದೆ. ಬೆಳಿಗ್ಗೆ ನೋಡಿದರೆ ಚಿಮಣಿ ಮಾತ್ರ ಮೇಲೆ.

ಅಂದರೆ ಮುಳುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಅದನ್ನು ಯಾರೋ ಲೆಕ್ಕದಿಂದ ಬಿಟ್ಟಿರುತ್ತಾರೆ. ನನ್ನ ಪ್ರಕಾರ ವಿಷಯದ ತಿರುಳೇ ಇದು. ಮೇಲೆತ್ತುವ ಹೊತ್ತಿಗೆ ನಡೆಯುವ ಚರ್ಚೆ ಎಲ್ಲ ತಡವಾದ ಚರ್ಚೆ.

ಈಗ ಕಾನೂನಿಗೆ ಬರೋಣ. ಮುಳುಗಿದ ಹಡಗುಗಳನ್ನು ತೆರವು ಮಾಡುವ ಬಗ್ಗೆ 2007ರ ನೈರೋಬಿ ಒಪ್ಪಂದ ಇದೆ. ಭಾರತ ಅದನ್ನು ಒಪ್ಪಿದೆ, 2015ರಲ್ಲಿ ಜಾರಿಗೂ ಬಂತು. ಆದರೆ ಕಡ್ಡಾಯ ವಿಮೆಯ ಮಾತು ಅದರಲ್ಲಿ ಬರುವುದು 300 ಒಟ್ಟು ಟನ್ನೇಜ್ (ತೂಕ ಅಲ್ಲ, ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಹಡಗಿಗೆ. ಒಪ್ಪಂದ ಮುಖ್ಯವಾಗಿ ಕರಾವಳಿ ದೇಶದ ಗಡಿ ಸಮುದ್ರದ ಆಚೆಗಿನ ನೀರಿಗಾಗಿ ಬರೆದದ್ದು. ಬಂದರಿನ ಒಳಗಿನ ನೀರಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಹಡಗು ಒಡೆಯುವುದಕ್ಕೆ 2009ರ ಹಾಂಗ್‌ಕಾಂಗ್ ಒಪ್ಪಂದ ಇದೆ, 2025ರ ಜೂನ್ 26ಕ್ಕೆ ಜಾರಿಯಾಯಿತು. ಅದು 500 ಒಟ್ಟು ಟನ್ನೇಜ್‌ಗಿಂತ ಚಿಕ್ಕ ಹಡಗನ್ನು ಹೊರಗೆ ಬಿಟ್ಟಿದೆ. ಜೀವಮಾನವೆಲ್ಲ ತನ್ನ ದೇಶದ ನೀರಿನಲ್ಲೇ ಓಡಾಡಿದ ಹಡಗನ್ನೂ ಬಿಟ್ಟಿದೆ. ಹಳೇ ಟಗ್ ಎಷ್ಟೋ ಸಲ ಈ ಎರಡೂ ಬಲೆಯ ಕಣ್ಣಿಂದ ನುಣುಚಿಕೊಳ್ಳುತ್ತದೆ. ಚಿಕ್ಕದು, ಊರು ಬಿಟ್ಟು ಹೋಗದ್ದು. ಜಗತ್ತಿನ ದೊಡ್ಡ ಕಾನೂನುಗಳು ದೊಡ್ಡ ಹಡಗಿಗೆ.

ಹಾಗಾಗಿ ಉಳಿಯುವುದು ಬಂದರಿನ ಕಾನೂನು. ನಮ್ಮಲ್ಲಿ ಒಂದು ಶತಮಾನಕ್ಕೂ ಜಾಸ್ತಿ ಕಾಲ ನಡೆದದ್ದು 1908ರ ಬಂದರು ಕಾಯ್ದೆ. ಅದರ 14ನೇ ಸೆಕ್ಷನ್ ಓದಿದರೆ ಹಡಗಿನ ಹಣೆಬರಹ ಅರ್ಥವಾಗುತ್ತದೆ. ಮುಳುಗಿದ ಹಡಗು ಸಂಚಾರಕ್ಕೆ ಅಡ್ಡಿಯಾದರೆ ಬಂದರಿನ ಅಧಿಕಾರಿ ಮಾಲೀಕರಿಗೆ ನೋಟಿಸ್ ಕೊಡಬೇಕಿತ್ತು. ಎತ್ತಿ, ತೆರವು ಮಾಡಿ, ಇಲ್ಲವೇ ನಾಶಮಾಡಿ. ಹೇಳಿದ ಅವಧಿಯಲ್ಲಿ ಮಾಡದಿದ್ದರೆ ಅಧಿಕಾರಿಯೇ ಮಾಡಿಸಬಹುದಿತ್ತು. ಖರ್ಚನ್ನು ಮಾಲೀಕರು ಕೊಡಬೇಕಿತ್ತು, ಅದರ ಮೇಲೆ ಇನ್ನೂ ಶೇ 20 ಸೇರಿಸಿ. ಕೊಡದಿದ್ದರೆ ಹರಾಜು. ಇಡೀ ಸೆಕ್ಷನ್‌ಗೆ ಬೇಕಾಗಿದ್ದದ್ದು ಹಡಗು ಓಡಾಡುವ ಕಾಲುವೆ ತೆರೆದಿರಬೇಕು ಅನ್ನುವುದೊಂದೇ. ಹಡಗು ಹಳೇದಾ, ಅಪರೂಪದ್ದಾ ಅನ್ನುವುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ತಪ್ಪೇನೂ ಇಲ್ಲ ಬಿಡಿ, ಬಂದರಿಗೆ ಕಾಲುವೆಯೇ ಜೀವ. 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಬಂದರು ಕಾಯ್ದೆ ಬಂದಿದೆ.

ಹಳೇ ಕಾಯ್ದೆಯ ಆ ಶೇ 20ರ ಲೆಕ್ಕ ಒಮ್ಮೆ ಹಾಕಿ ನೋಡಿ. ಸುಲಭಕ್ಕೆ ಒಂದು ಟಗ್‌ನಿಂದ 250 ಟನ್ ಉಕ್ಕು ಸಿಗುತ್ತದೆ ಅಂತ ಇಟ್ಟುಕೊಳ್ಳೋಣ. ಗುಜರಿಗೆ ಟನ್ನಿಗೆ 30 ಸಾವಿರ ಅಂದರೆ 75 ಲಕ್ಷ. ಎತ್ತುವುದಕ್ಕೆ 5 ಕೋಟಿ ಆಯಿತು ಅನ್ನಿ. ಮಾಲೀಕ ತನ್ನ ಹಡಗು ಬಿಡಿಸಿಕೊಳ್ಳಬೇಕಾದರೆ 6 ಕೋಟಿ ಕಟ್ಟಬೇಕು. 75 ಲಕ್ಷದ ಕಬ್ಬಿಣಕ್ಕೆ 6 ಕೋಟಿ ಕಟ್ಟುವವರು ಯಾರಿದ್ದಾರೆ? ಅದಕ್ಕೇ ಮಾಲೀಕರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಎಷ್ಟೋ ಕಡೆ ಮಾಲೀಕ ಅಂದರೆ ಒಂದೇ ಹಡಗಿನ ಕಂಪನಿ. ಅದನ್ನು ಮುಚ್ಚಿದರೆ ಕೇಳಲು ಯಾರೂ ಸಿಗುವುದಿಲ್ಲ.

ಬಾಕಿ ವಸೂಲಿಗೆ ಕೋರ್ಟ್ ದಾರಿ ಇದೆ. ಮೊದಲು ಹಡಗಿನ ವ್ಯಾಜ್ಯಕ್ಕೆ ಕಲ್ಕತ್ತಾ, ಬಾಂಬೆ, ಮದ್ರಾಸ್ ಹೈಕೋರ್ಟ್‌ಗಳೇ ಗತಿ ಅನ್ನುವ ಸ್ಥಿತಿ ಇತ್ತು. 2017ರ ಅಡ್ಮಿರಾಲ್ಟಿ ಕಾಯ್ದೆ ಬಂದ ಮೇಲೆ ನಮ್ಮ ಕರ್ನಾಟಕ ಹೈಕೋರ್ಟ್‌ಗೂ ಆ ಅಧಿಕಾರ ಸಿಕ್ಕಿದೆ. ಬೆಂಗಳೂರಿನಲ್ಲಿ ಕೂತು ಮಂಗಳೂರಿನ ಹಡಗನ್ನು ಜಪ್ತಿ ಮಾಡುವ ಆದೇಶ ಕೊಡಬಹುದು. ಹಡಗಿನ ಮೇಲಿನ ಹಕ್ಕುಗಳ ಸಾಲಿನಲ್ಲಿ ಮೊದಲ ಸ್ಥಾನ ನಾವಿಕರ ಸಂಬಳಕ್ಕೆ. ಆಮೇಲೆ ಸಾವುನೋವಿನ ಪರಿಹಾರ, ಹಡಗು ಉಳಿಸಿದವರ ಪ್ರತಿಫಲ, ಬಂದರಿನ ಶುಲ್ಕ. ಈ ಕ್ರಮ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹಂಚಲು ಇರುವುದು ಆ 75 ಲಕ್ಷವೇ ಆದರೆ, ಸಾಲಿನ ಕೊನೆಯವರಿಗೆ ಏನು ಸಿಗುತ್ತದೆ ಹೇಳಿ.

ಉಳಿಸುವ ಪ್ರತಿಫಲ ಅಂದೆ. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ಹಡಗನ್ನು ಉಳಿಸಿದವರಿಗೆ ಉಳಿದ ಆಸ್ತಿಯ ಬೆಲೆ ನೋಡಿ ಪ್ರತಿಫಲ ಕೊಡುವ ಹಳೇ ಪದ್ಧತಿ ಇದೆ. ಕೆಲಸ ಆಗದಿದ್ದರೆ ದುಡ್ಡಿಲ್ಲ. ಸರಕು ತುಂಬಿದ ಹೊಸ ಹಡಗಾದರೆ ಕಂಪನಿಗಳು ಓಡಿ ಬರುತ್ತವೆ. ಖಾಲಿ ಹಳೇ ಟಗ್‌ಗೆ ಆ ಲೆಕ್ಕದಲ್ಲಿ ಯಾರೂ ಬರುವುದಿಲ್ಲ. ಉಳಿಯುವ ಬೆಲೆಯೇ ಇಲ್ಲವಲ್ಲ. ಅದಕ್ಕೆ ಬಂದರಿನವರು ತೆರವಿನ ಟೆಂಡರ್ ಕರೆಯುತ್ತಾರೆ. ಇಷ್ಟು ದುಡ್ಡು, ಇಷ್ಟು ದಿನ, ಜಾಗ ಖಾಲಿ ಮಾಡಿಕೊಡಿ. ಕಡಿಮೆಗೆ ಕೂಗಿದವರಿಗೆ ಕೆಲಸ. ಗುತ್ತಿಗೆ ಹಿಡಿದವರಿಗೆ ಹಡಗನ್ನು ಇಡಿಯಾಗಿ ಎತ್ತುವುದಕ್ಕಿಂತ ನೀರೊಳಗೇ ತುಂಡು ಮಾಡಿ ಎತ್ತುವುದು ಎಷ್ಟೋ ಸಲ ಅಗ್ಗ. ಗುಜರಿಯ ತೀರ್ಮಾನ ಅರ್ಧ ಅಲ್ಲೇ ಆಗಿಹೋಗಿರುತ್ತದೆ.

ಇಡಿಯಾಗಿ ಎತ್ತುವುದಾದರೆ ಕೆಲಸ ಹೇಗಿರುತ್ತದೆ? ಮೊದಲು ಡೈವರ್‌ಗಳು ಇಳಿಯುತ್ತಾರೆ. ಬಂದರಿನ ನೀರಿನಲ್ಲಿ ಕೈಯಳತೆ ದೂರವೂ ಕಾಣುವುದಿಲ್ಲ, ಮುಟ್ಟಿ ನೋಡಿಯೇ ತಿಳಿಯಬೇಕು. ತೈಲದ ಟ್ಯಾಂಕಿಗೆ ಹೊರಗಿನಿಂದ ವಾಲ್ವು ಕೂರಿಸಿ ತೂತು ಕೊರೆದು ಡೀಸೆಲ್ ಹೀರುತ್ತಾರೆ. ಕಿಟಕಿ, ಗಾಳಿ ಕೊಳವೆ ಎಲ್ಲ ಮುಚ್ಚುತ್ತಾರೆ. ಆಮೇಲೆ ಕ್ರೇನಿಗೆ ಸಿಕ್ಕಿಸಿ ಎತ್ತುವ ಪಟ್ಟಿಯನ್ನು ಹಡಗಿನ ಹೊಟ್ಟೆಯ ಅಡಿಗೆ ತೂರಿಸಬೇಕು. ತಳದ ಕೆಸರು ಹಡಗನ್ನು ಕಚ್ಚಿ ಹಿಡಿದಿರುತ್ತದೆ. ನೀರಿನ ಪೈಪಿನಿಂದ ಕೆಸರು ಕೊರೆದು ಸುರಂಗ ಮಾಡುತ್ತಾರೆ.

ಎತ್ತುವಾಗಿನ ತೂಕದ ಆಟ ವಿಚಿತ್ರ. 100 ಟನ್ ಉಕ್ಕು ನೀರೊಳಗೆ ಸುಮಾರು 87 ಟನ್ ಮಾತ್ರ ತೂಗುತ್ತದೆ. ಹಾಗಾಗಿ ಮೊದಮೊದಲು ಕ್ರೇನಿಗೆ ಹಗುರ ಅನ್ನಿಸುತ್ತದೆ. ಕೆಸರಿನ ಹಿಡಿತ ಬಿಡುವ ಕ್ಷಣದಲ್ಲಿ ಒಂದು ಜೋರು ಎಳೆತ. ಹಡಗು ನೀರಿನ ಮೇಲ್ಮೈಗೆ ಬಂದಾಗ ನಿಜವಾದ ಪರೀಕ್ಷೆ. ಎಂಜಿನ್ ಕೋಣೆ, ಕ್ಯಾಬಿನ್ ತುಂಬ ನೀರು. ಅದು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೆ ಬಂದಷ್ಟೂ ಅದರ ತೂಕ ಪೂರ್ತಿ ಕ್ರೇನಿನ ಮೇಲೆ. ಅದಕ್ಕೇ ಡೆಕ್ ಕಾಣಿಸಿಕೊಂಡ ತಕ್ಷಣ ನಿಲ್ಲಿಸಿ, ಪಂಪು ಹಾಕಿ, ಇಂಚಿಂಚು ಎತ್ತುತ್ತಾರೆ. ಒಳಗಿನ ನೀರು ಒಂದು ಬದಿಗೆ ಓಡಿದರೆ ಹಡಗು ಮಗುಚುತ್ತದೆ. ಮೂವತ್ತು ವರ್ಷದ ತುಕ್ಕು ತಿಂದ ತಗಡು ಪಟ್ಟಿಯ ಒತ್ತಡಕ್ಕೆ ಹರಿದೇ ಹೋಗಬಹುದು. ಇಷ್ಟು ತೂಕ ಎತ್ತುವ ತೇಲುವ ಕ್ರೇನ್ ಎಲ್ಲ ಬಂದರಿನಲ್ಲೂ ಇರುವುದಿಲ್ಲ. ಬೇರೆ ಕಡೆಯಿಂದ ಎಳೆದು ತರಬೇಕು. ಬರುವ ದಿನ, ಹೋಗುವ ದಿನ, ಮಳೆ ಅಂತ ಸುಮ್ನೆ ನಿಂತ ದಿನ, ಎಲ್ಲದಕ್ಕೂ ಬಾಡಿಗೆ.

ಇಷ್ಟೆಲ್ಲ ಮಾಡಿ ಎತ್ತಿದಿರಿ ಅನ್ನಿ. ಇನ್ನೊಂದು ಸಂಕಟ ಕಾದಿರುತ್ತದೆ. ಕಬ್ಬಿಣ ನೀರೊಳಗೆ ಇದ್ದಾಗಿನದಕ್ಕಿಂತ ಹೊರಗೆ ಬಂದ ಮೇಲೆ ಜೋರಾಗಿ ಹಾಳಾಗುತ್ತದೆ. ಕೆಸರಿನೊಳಗೆ ಗಾಳಿ ಕಡಿಮೆ, ತುಕ್ಕು ನಿಧಾನ. ಹೊರಗೆ ಬಂದಾಗ ಉಪ್ಪು ಮೈಯೊಳಗೇ ಇಳಿದಿರುತ್ತದೆ, ಮೇಲೆ ಗಾಳಿ ಸಿಕ್ಕಿತು. ಕೆಲವೇ ಗಂಟೆಯಲ್ಲಿ ಎಂಜಿನ್ ಕೆಂಪಗಾಗಲು ಶುರು. ಉಳಿಸಲೇಬೇಕಾದರೆ ಆವತ್ತೇ ಸಿಹಿನೀರಿನಲ್ಲಿ ತೊಳೆದು, ಒಳಗೆಲ್ಲ ಎಣ್ಣೆ ಹೊಯ್ದು ಇಡಬೇಕು. ಇಂಗ್ಲೆಂಡಿನ ಎಸ್‌ಎಸ್ ಗ್ರೇಟ್ ಬ್ರಿಟನ್ ಇದಕ್ಕೆ ಒಳ್ಳೇ ಸಾಕ್ಷಿ. 1843ರಲ್ಲಿ ನೀರಿಗಿಳಿದ ಕಬ್ಬಿಣದ ಹಡಗು. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪದಲ್ಲಿ ಬಿದ್ದಿದ್ದನ್ನು 1970ರಲ್ಲಿ ಬ್ರಿಸ್ಟಲ್‌ಗೆ ತಂದರು. ದಶಕಗಳು ಕಳೆದರೂ ಉಪ್ಪು ಬಿಡಲಿಲ್ಲ. ಕೊನೆಗೆ ಅದರ ಕೆಳಭಾಗವನ್ನು ಗಾಜಿನ ಹೊದಿಕೆಯಿಂದ ಮುಚ್ಚಿ, ಒಳಗಿನ ಗಾಳಿಯ ತೇವವನ್ನು ಯಂತ್ರದಿಂದ ಶೇ 20ರ ಆಸುಪಾಸಿಗೆ ಇಳಿಸಿ ಇಟ್ಟಿದ್ದಾರೆ. ಆ ಯಂತ್ರ ಓಡುತ್ತಲೇ ಇರಬೇಕು. ಒಂದು ಟಗ್‌ಗೆ ಇದನ್ನೆಲ್ಲ ಮಾಡಿ ಅಂತ ಯಾವ ಬಂದರನ್ನು ಕೇಳೋಣ?

ನಮ್ಮ ಕರಾವಳಿಯಲ್ಲೂ ಉದಾಹರಣೆಗೆ ಬರ ಇಲ್ಲ. 2019ರಲ್ಲಿ ನವಮಂಗಳೂರು ಬಂದರಿನ ಹತ್ತಿರ ಭಗವತಿ ಪ್ರೇಮ್ ಅನ್ನುವ ಡ್ರೆಜರ್ ಮುಳುಗುವ ಹಾಗಾದಾಗ ಅದನ್ನು ಸುರತ್ಕಲ್‌ನ ಗುಡ್ಡೆಕೊಪ್ಲ ದಡಕ್ಕೆ ತಂದು ಕೂರಿಸಿದರು. ಮುಳುಗಿದರೆ ಕಾಲುವೆಗೆ ತೊಂದರೆ, ದಡಕ್ಕೆ ತಂದರೆ ಮೀನುಗಾರರಿಗೆ ಆತಂಕ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಿತ್ತು. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಹತ್ತಿರ ಪ್ರಿನ್ಸೆಸ್ ಮಿರಾಲ್ ಮುಳುಗಿತು. ಚೀನಾದಿಂದ ಲೆಬನಾನ್‌ಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ ಹಡಗು. ಅದರಲ್ಲಿದ್ದ ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. 2025ರ ಮೇ ತಿಂಗಳಲ್ಲಿ ಕೇರಳದ ಆಚೆ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಮುಳುಗಿದಾಗ ಅದರಲ್ಲಿ ಸುಮಾರು 640 ಕಂಟೇನರ್ ಇದ್ದವು. ಕೇರಳ ಸರ್ಕಾರ 9,531 ಕೋಟಿ ಪರಿಹಾರ ಕೇಳಿತು. ಹಡಗು ದೊಡ್ಡದಾದಾಗ ಟಿವಿ ಬರುತ್ತದೆ, ಕೋರ್ಟ್ ಬರುತ್ತದೆ, ವಿಮೆ ಕಂಪನಿ ಬರುತ್ತದೆ. ಬಂದರಿನ ಮೂಲೆಯ ಟಗ್‌ಗೆ ಸ್ಥಳೀಯ ಪತ್ರಿಕೆಯ ಒಳಪುಟ ಸಿಕ್ಕರೆ ಜಾಸ್ತಿ.

ಗುಜರಿ ಅಂದ ತಕ್ಷಣ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಹಡಗಿನ ಉಕ್ಕು ಒಳ್ಳೇ ಉಕ್ಕು. ಗುಜರಾತಿನ ಅಲಂಗ್‌ನಲ್ಲಿ ಒಡೆದ ಹಡಗಿನ ತಗಡು ರೀರೋಲಿಂಗ್ ಗಿರಣಿಗೆ ಹೋಗಿ ಕಂಬಿಯಾಗುತ್ತದೆ. ಅದಿರು ಅಗೆಯುವುದಕ್ಕಿಂತ ಇದು ಎಷ್ಟೋ ವಾಸಿ. ತೊಂದರೆ ಇರುವುದು ಒಡೆಯುವ ರೀತಿಯಲ್ಲಿ. ಹಳೇ ಹಡಗಿನ ಎಂಜಿನ್ ಕೋಣೆಯ ಪೈಪುಗಳಿಗೆ ಸುತ್ತಿದ್ದು ಅಸ್ಬೆಸ್ಟಾಸ್. ಬಣ್ಣದಲ್ಲಿ ಸೀಸ. ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲಿ ಅಂತ ಬಳಿದ ಹಳೇ ಬಣ್ಣದಲ್ಲಿ ತವರದ ವಿಷ. ದೊಡ್ಡ ಹಡಗಾದರೆ ಒಳಗೆ ಏನೇನಿದೆ ಅನ್ನುವ ಪಟ್ಟಿ ಮೊದಲೇ ಬೇಕು. ನಿಯಮದ ಗೆರೆಯ ಕೆಳಗಿರುವ ಟಗ್‌ಗೆ ಎಷ್ಟೋ ಸಲ ಯಾವ ಪಟ್ಟಿಯೂ ಇರುವುದಿಲ್ಲ. ದಡಕ್ಕೆ ಎಳೆದು ಗ್ಯಾಸ್ ಕಟ್ಟರ್ ಹಿಡಿದ ನಾಲ್ಕು ಜನ ನಿಂತುಬಿಡುತ್ತಾರೆ. ಮೂಗಿಗೆ ಒಂದು ಟವೆಲ್ಲು. ಸೀಸದ ಬಣ್ಣ ಸುಟ್ಟ ಹೊಗೆಗೆ ಟವೆಲ್ಲು ಯಾವ ಲೆಕ್ಕ? ಹಡಗು ಉಳಿಯಲಿಲ್ಲ ಅಂತ ಬರೆಯುವವರು ಈ ನಾಲ್ಕು ಜನರ ಬಗ್ಗೆಯೂ ಎರಡು ಸಾಲು ಬರೆಯಬೇಕು.

ಹಾಗಾದರೆ ಹಡಗು ಉಳಿಸಿದವರೇ ಇಲ್ಲವಾ? ನಮ್ಮ ರಾಜ್ಯದಲ್ಲೇ ಇದ್ದಾರೆ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ 2006ರಿಂದ ಮ್ಯೂಸಿಯಂ ಆಗಿ ನಿಂತಿದೆ. ನೌಕಾಪಡೆಯ ಕ್ಷಿಪಣಿ ದೋಣಿ, ಸುಮಾರು 38 ಮೀಟರ್ ಉದ್ದ, 200 ಟನ್ನಿಗೂ ಜಾಸ್ತಿ ತೂಕ. ಒಂದು ಟಗ್‌ನ ಲೆಕ್ಕಕ್ಕೆ ಹತ್ತಿರವೇ. ಗಟ್ಟಿಯಾಗಿದ್ದಾಗಲೇ, ತೇಲುತ್ತಿದ್ದಾಗಲೇ ಅದನ್ನು ದಡಕ್ಕೆ ತರುವ ತೀರ್ಮಾನ ಆಗಿತ್ತು. ವಿಶಾಖಪಟ್ಟಣದ ಕುರ್ಸುರಾ ಜಲಾಂತರ್ಗಾಮಿಯ ಕಥೆಯೂ ಅದೇ. 2001ರಲ್ಲಿ ಕೆಲಸ ಬಿಟ್ಟಿತು, 2002ಕ್ಕೆ ದಡದ ಮೇಲೆ ಮ್ಯೂಸಿಯಂ.

ಎದುರಿಗೆ ಹಳೇ ವಿಕ್ರಾಂತ್ ಇಟ್ಟು ನೋಡಿ. ದೇಶದ ಮೊದಲ ವಿಮಾನವಾಹಕ, 1971ರ ಯುದ್ಧದ ಹೆಸರು. 1997ರಲ್ಲಿ ನಿವೃತ್ತಿ ಆದ ಮೇಲೆ ಮುಂಬೈನ ನೀರಿನಲ್ಲೇ ಮ್ಯೂಸಿಯಂ ಮಾಡಿದರು. 2012ಕ್ಕೆ ಸುರಕ್ಷಿತ ಅಲ್ಲ ಅಂತ ಮುಚ್ಚಿದರು. 2014ರಲ್ಲಿ 60 ಕೋಟಿಗೆ ಗುಜರಿಗೆ ಮಾರಾಟ. ಸುಪ್ರೀಂ ಕೋರ್ಟ್‌ವರೆಗೂ ಹೋದರೂ ಉಳಿಯಲಿಲ್ಲ. ಅದರ ಲೋಹದ ಸ್ವಲ್ಪ ಭಾಗ ಬಜಾಜ್ ವಿ ಬೈಕಿನಲ್ಲಿ ಸೇರಿತು. ನೀರಿನಲ್ಲಿ ತೇಲಿಸಿಟ್ಟ ಹಡಗು ಅಂದರೆ ಖರ್ಚು ನಿಲ್ಲುವುದೇ ಇಲ್ಲ. ವಿಕ್ರಾಂತ್‌ಗೇ ಹೀಗಾದ ಮೇಲೆ ಹೆಸರಿಲ್ಲದ ಟಗ್ ಯಾವ ಲೆಕ್ಕ ಅಲ್ವಾ?

ಹಾಗಾಗಿ ಮುಳುಗಿದ ಟಗ್‌ನ ಒಡಲು ಗುಜರಿಗೆ ಹೋಗುವುದನ್ನು ತಪ್ಪಿಸಲು ಹೊರಡುವುದು ವ್ಯರ್ಥ ಅನ್ನುವುದು ನನ್ನ ಅಭಿಪ್ರಾಯ. ಬೇಕಾಗಿರುವುದು ಬೇರೆ ಎರಡು ಕೆಲಸ. ಒಂದು ಮುಳುಗುವ ಮೊದಲಿನದು. ಕೆಲಸ ಬಿಟ್ಟ ಹಡಗನ್ನು ಬಂದರಿನಲ್ಲಿ ಕಟ್ಟಿಹಾಕಲು ಬಿಡುವಾಗಲೇ ತೆರವಿನ ಖರ್ಚಿಗೆ ಠೇವಣಿ ಇಡಿಸಿಕೊಳ್ಳಬೇಕು. ತಗಡಿನ ದಪ್ಪ ಎಷ್ಟು ಉಳಿದಿದೆ ಅಂತ ಅಳೆಯುವ ಯಂತ್ರ ಸಣ್ಣದು, ವರ್ಷಕ್ಕೊಮ್ಮೆ ಅಳೆಸುವುದು ದೊಡ್ಡ ಖರ್ಚಲ್ಲ. ಪಂಪಿನ ಕರೆಂಟು ಯಾವ ಬಾಕಿಗೂ ಕಟ್ ಆಗಬಾರದು. ತೇಲುವ ಹಡಗನ್ನು ಅಲಂಗ್‌ವರೆಗೆ ಎಳೆದುಕೊಂಡು ಹೋದರೆ ಮಾಲೀಕನಿಗೆ ದುಡ್ಡೂ ಬರುತ್ತದೆ, ಒಡೆಯುವವರಿಗೆ ನಿಯಮವೂ ಇರುತ್ತದೆ. ಮುಳುಗಿದ ಮರುದಿನ ಅದೇ ಹಡಗು ಸಾಲವಾಗುತ್ತದೆ.

ಇನ್ನೊಂದು, ಮುಳುಗಿದ ಮೇಲಿನದು. ತೆರವಿನ ಟೆಂಡರ್‌ನಲ್ಲಿ ಒಂದೇ ಒಂದು ಷರತ್ತು ಜಾಸ್ತಿ ಇರಲಿ. ತುಂಡು ಮಾಡುವ ಮೊದಲು ತಯಾರಕರ ಫಲಕ, ಗಂಟೆ, ಚುಕ್ಕಾಣಿ, ಎಳೆಯುವ ಕೊಕ್ಕೆ ಬಿಚ್ಚಿ ಕೊಡಬೇಕು. ಹಳೇ ಎಂಜಿನ್ ಆಗಿದ್ದರೆ ಅದನ್ನೂ ಬೇರೆಯಾಗಿ ಎತ್ತಬೇಕು. ನಕ್ಷೆ, ಲಾಗ್ ಪುಸ್ತಕ ಬಂದರಿನ ಕಚೇರಿಯಲ್ಲಿದ್ದರೆ ಸ್ಕ್ಯಾನ್ ಮಾಡಿಸಬೇಕು. ಅದರಲ್ಲಿ ದುಡಿದ ಟಿಂಡಾಲ್ (ಖಲಾಸಿಗಳ ಮೇಸ್ತ್ರಿ), ಗ್ರೀಸರ್‌ಗಳು (ಎಂಜಿನ್‌ಗೆ ಎಣ್ಣೆ ಹಾಕುವವರು) ಇನ್ನೂ ಇದ್ದರೆ ಮಾತಾಡಿಸಿ ರೆಕಾರ್ಡ್ ಮಾಡಬೇಕು. ಇಷ್ಟಕ್ಕೆ ಆಗುವ ಖರ್ಚು ಕ್ರೇನಿನ ಒಂದೆರಡು ದಿನದ ಬಾಡಿಗೆಯನ್ನೂ ದಾಟಲಾರದು.

ಎಂಜಿನ್ ಇಡುವುದು ಎಲ್ಲಿ ಅಂತ ಕೇಳಿದರೆ ನನ್ನ ಉತ್ತರ ಕರಾವಳಿಯವರಿಗೆ ಹಿಡಿಸದೇ ಹೋಗಬಹುದು. ಕಡಲ ದಂಡೆಯ ಉಪ್ಪು ಗಾಳಿಯಲ್ಲಿ ಇಟ್ಟರೆ ಅದು ಮತ್ತೆ ತುಕ್ಕೇ ಹಿಡಿಯುತ್ತದೆ. ಕಬ್ಬಿಣಕ್ಕೆ ಮೈಸೂರಿನ ಹವೆ ಒಳ್ಳೆಯದು. ಇಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಹಳೇ ಯಂತ್ರ ಬಿಚ್ಚಿ ನೋಡಲು ಆಸೆ ಇರುವ ಹುಡುಗರಿದ್ದಾರೆ. ಹತ್ತಾರು ಟನ್ನಿನ ಎಂಜಿನ್ ಲಾರಿಯಲ್ಲಿ ಘಾಟಿ ಹತ್ತಿ ಬರುವುದು ಕಷ್ಟವೇನಲ್ಲ. ಆದರೆ ಅದು ನೀರಿನಿಂದ ಹೊರಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ಎಣ್ಣೆ ಹೊಯ್ಯುವವರು ಯಾರು, ಅದರ ದುಡ್ಡು ಯಾರದು ಅನ್ನುವುದನ್ನು ಟೆಂಡರ್ ಕರೆಯುವಾಗಲೇ ಬರೆದಿಡಬೇಕು. ಕ್ರೇನ್ ಬಂದ ಮೇಲೆ ಮೀಟಿಂಗ್ ಕರೆದರೆ ಆಗುವುದಿಲ್ಲ.